ಅರಬ್ಬಿ ಸಮುದ್ರದ ಚಂಡಮಾರುತಗಳು: ಕಾದ ನೀರಿನ ಕಥೆ ಗೊತ್ತು, ಮೇಲಿನ ಗಾಳಿಯ ಕಥೆ ಏನು?

ಪಡುಗಡಲು:

ಮೇ ತಿಂಗಳಲ್ಲಿ ‘ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ’ ಎಂಬ ಸುದ್ದಿ ಬಂದ ಕೂಡಲೇ ಒಂದೇ ವಿವರಣೆ ಎಲ್ಲೆಡೆ ಓಡಾಡತೊಡಗುತ್ತದೆ: ಸಮುದ್ರ ಕಾಯುತ್ತಿದೆ, ಹಾಗಾಗಿ ಚಂಡಮಾರುತಗಳು ಹೆಚ್ಚುತ್ತಿವೆ. ಈ ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತ ಮಾತು. ಉಳಿದರ್ಧ ಗಾಳಿಯಲ್ಲಿದೆ. ಅದರ ಬಗ್ಗೆ ಕನ್ನಡದಲ್ಲಿ ಮಾತುಕತೆ ತೀರಾ ಕಡಿಮೆ ಎಂಬ ಬೇಸರದಿಂದಲೇ ಈ ಚರ್ಚೆ ಆರಂಭಿಸುತ್ತಿದ್ದೇನೆ.

ಚಂಡಮಾರುತ ಹುಟ್ಟಲು ಸಮುದ್ರದ ಮೇಲ್ಪದರ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿರಬೇಕು ಎಂದು ನಾವೆಲ್ಲ ಓದಿದ್ದೇವೆ. ಜುಲೈ ತಿಂಗಳಲ್ಲಿ ಸೊಮಾಲಿಯಾ, ಒಮಾನ್ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೇಳುವುದರಿಂದ ಅಲ್ಲಿನ ಸಮುದ್ರ ತಂಪಾಗುತ್ತದೆ, ನಿಜ. ನಮ್ಮ ಕಡೆಯ ಪೂರ್ವ ಅರಬ್ಬಿ ಸಮುದ್ರ ಆಗಲೂ ಆ ಮಿತಿಗಿಂತ ಮೇಲೆಯೇ ಇರುತ್ತದೆ. ತೇವಾಂಶಕ್ಕೆ ಬರವಿಲ್ಲ, ಮೋಡಗಳಿಗೆ ಬರವಿಲ್ಲ. ಆದರೂ ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಚಂಡಮಾರುತ ಏಳುವುದು ಅಪರೂಪದಲ್ಲಿ ಅಪರೂಪ. ಏಕೆ?

ಉತ್ತರ ಎತ್ತರದ ಗಾಳಿಯಲ್ಲಿದೆ. ಮುಂಗಾರಿನ ದಿನಗಳಲ್ಲಿ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಆಫ್ರಿಕಾದ ಕಡೆಯಿಂದ ನಮ್ಮತ್ತ ಪ್ರಬಲ ಪಶ್ಚಿಮ ಗಾಳಿ ಬೀಸುತ್ತದೆ. ಸೊಮಾಲಿ ಜೆಟ್ ಎಂದರೂ ಫಿಂಡ್‌ಲೇಟರ್ ಜೆಟ್ ಎಂದರೂ ಅದೇ. ಅದರ ನೆತ್ತಿಯ ಮೇಲೆ, 14–16 ಕಿಲೋಮೀಟರ್ ಎತ್ತರದಲ್ಲಿ, ಸರಿಯಾಗಿ ಎದುರು ದಿಕ್ಕಿನಲ್ಲಿ ಉಷ್ಣವಲಯದ ಪೂರ್ವ ಜೆಟ್ ಧಾವಿಸುತ್ತದೆ. ಈ ಮೇಲಿನ ಪ್ರವಾಹವನ್ನು 1950ರ ದಶಕದಲ್ಲಿ ಜಗತ್ತಿಗೆ ವಿವರಿಸಿದವರು ಭಾರತದವರೇ ಆದ ಪಿ. ಕೋಟೇಶ್ವರಂ, ಮುಂದೆ ಅವರು ಹವಾಮಾನ ಇಲಾಖೆಯ ಮುಖ್ಯಸ್ಥರೂ ಆದರು. ಕೆಳಗೆ ಒಂದು ದಿಕ್ಕು, ಮೇಲೆ ಇನ್ನೊಂದು ದಿಕ್ಕು. ಎತ್ತರಕ್ಕೆ ಹೋದಂತೆ ಗಾಳಿಯ ವೇಗ ಮತ್ತು ದಿಕ್ಕಿನಲ್ಲಿ ಆಗುವ ಈ ವ್ಯತ್ಯಾಸವೇ ವಿಂಡ್ ಶಿಯರ್. ಚಂಡಮಾರುತದ ಬದುಕು ಅದರ ಹೊಗೆಗೊಳವೆ, ಅಂದರೆ ಬಿಸಿ ಗಾಳಿ ಮೇಲೇರುವ ನಡುಭಾಗ, ನೆಟ್ಟಗೆ ನಿಲ್ಲುವುದರಲ್ಲಿದೆ. ಶಿಯರ್ ಜೋರಾದರೆ ಬುಡ ಒಂದು ಕಡೆ, ತಲೆ ಇನ್ನೊಂದು ಕಡೆ ಹೋಗುತ್ತದೆ. ಒಳಗೆ ಕೂಡಿಟ್ಟ ಶಾಖ ಚದುರುತ್ತದೆ, ಸುಳಿ ಸಾಯುತ್ತದೆ.

ಅಂದರೆ ಮುಂಗಾರಿನ ನಾಲ್ಕು ತಿಂಗಳು ನಮ್ಮ ಕಡಲನ್ನು ಚಂಡಮಾರುತದಿಂದ ಕಾಯುತ್ತಿರುವುದು ಮುಂಗಾರಿನ ಗಾಳಿಯೇ. ಅದು ಬರುವ ಮುನ್ನ ಏಪ್ರಿಲ್‌ನಿಂದ ಜೂನ್ ಮೊದಲ ಭಾಗದವರೆಗೆ, ಅದು ಹಿಂದೆ ಸರಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕಾವಲು ಸಡಿಲ. ಚಂಡಮಾರುತಗಳ ಎರಡು ಋತುಗಳೂ ಅವೇ.

ಈಗ ನನ್ನ ಪ್ರಶ್ನೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982–2000ಕ್ಕೆ ಹೋಲಿಸಿದರೆ 2001–2019ರಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ 52ರಷ್ಟು ಹೆಚ್ಚಿದೆ. ಬಂಗಾಳ ಕೊಲ್ಲಿಯಲ್ಲಿ ಶೇ 8ರಷ್ಟು ಇಳಿದಿದೆ. ಅರಬ್ಬಿ ಸಮುದ್ರದಲ್ಲಿ ಅವು ಬದುಕಿರುವ ಒಟ್ಟು ಅವಧಿಯೂ ಶೇ 80ರಷ್ಟು ಏರಿದೆ. ಎರಡೂ ಕಡಲುಗಳು ಕಾಯುತ್ತಿವೆಯಲ್ಲ? ಹಾಗಾದರೆ ಒಂದರಲ್ಲಿ ಏರಿಕೆ, ಇನ್ನೊಂದರಲ್ಲಿ ಇಳಿಕೆ ಏಕೆ? ಬಿಸಿ ನೀರಿನ ವಿವರಣೆ ಒಂದರಿಂದಲೇ ಇದು ಬಗೆಹರಿಯುವುದಿಲ್ಲ. ವಾತಾವರಣದ ಪರಿಚಲನೆಯೇ, ಅಂದರೆ ಗಾಳಿಯ ದೊಡ್ಡ ಹರಿವುಗಳ ವ್ಯವಸ್ಥೆಯೇ, ಬದಲಾಗುತ್ತಿದೆಯೇ? ಬಲ್ಲವರು ಬರೆಯಬೇಕು.


ಸಹ್ಯಾದ್ರಿಯ ಅಂಚು:

ಒಳ್ಳೆಯ ಪ್ರಶ್ನೆ, ಆದರೆ ಅದಕ್ಕಿಂತ ಮೊದಲಿನ ಪ್ರಶ್ನೆಯೊಂದಿದೆ. 2019ರಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಎಂದು ಐದು ಚಂಡಮಾರುತಗಳು ಎದ್ದವು. ಸಾಮಾನ್ಯವಾಗಿ ವರ್ಷಕ್ಕೆ ಒಂದು ಎನ್ನುವ ಕಡೆ ಐದು. ಇದನ್ನು ಕಂಡು ಕೇಳರಿಯದ ವಿದ್ಯಮಾನ ಎಂದು ಅನೇಕರು ಬರೆದರು. ಆದರೆ ಹವಾಮಾನ ಇಲಾಖೆಯೇ ಅದು 1902ರ ದಾಖಲೆಗೆ ಸಮ ಎಂದು ಹೇಳಿತು. 1902ರಲ್ಲಿ ಉಪಗ್ರಹವಿರಲಿಲ್ಲ, ರೇಡಾರ್ ಇರಲಿಲ್ಲ, ಹಡಗಿನಲ್ಲಿ ನಿಸ್ತಂತು ಕೂಡ ಬಹುಪಾಲು ಇರಲಿಲ್ಲ. ಆಗಲೇ ಐದು ಕಣ್ಣಿಗೆ ಬಿದ್ದಿದ್ದವು ಎಂದರೆ ಕಾಣದೆ ಹೋದವು ಎಷ್ಟಿರಬಹುದು?

1977ರ ನವೆಂಬರ್‌ನ ಚಂಡಮಾರುತ ನೆನಪಿರುವವರು ಇಲ್ಲಿ ಇರಬಹುದು. ತಮಿಳುನಾಡಿನ ಕರಾವಳಿಗೆ ಬಡಿದು, ಪರ್ಯಾಯ ದ್ವೀಪವನ್ನು ದಾಟಿ ಅರಬ್ಬಿ ಸಮುದ್ರಕ್ಕೆ ಇಳಿದು, ಅಲ್ಲಿ ಮತ್ತೆ ಬಲಗೊಂಡು ತಿರುಗಿ ಬಂದು ಮಂಗಳೂರು–ಹೊನ್ನಾವರದ ನಡುವೆ ನೆಲಕ್ಕೆ ಅಪ್ಪಳಿಸಿತು. 1998ರ ಜೂನ್‌ನಲ್ಲಿ ಗುಜರಾತಿನ ಕಾಂಡ್ಲಾ ಬಂದರಿನ ಸುತ್ತ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗಿನವುಗಳಿಗೆ ಹೆಸರಿಡುತ್ತಿರಲಿಲ್ಲ, ನಮ್ಮ ಭಾಗದಲ್ಲಿ ಹೆಸರಿಡುವ ಪದ್ಧತಿ ಬಂದದ್ದೇ 2004ರಲ್ಲಿ. ಹೆಸರಿಲ್ಲದ್ದು ಬೇಗ ಮರೆತುಹೋಗುತ್ತದೆ. ಹಾಗಾಗಿ ‘ಈಚೆಗೆ ಹೆಚ್ಚಾಗಿದೆ’ ಎಂಬ ನಮ್ಮ ಅನಿಸಿಕೆಯನ್ನು ನಾನು ಸುಲಭವಾಗಿ ನಂಬುವುದಿಲ್ಲ.


ಅಂಕಿನೋಟ:

ಸಹ್ಯಾದ್ರಿಯ ಅಂಚು ಎತ್ತಿದ ಆಕ್ಷೇಪ ನ್ಯಾಯವಾದದ್ದು, ಅದನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗಲಾಗದು. ದಾಖಲೆ ಹೇಗೆ ತಯಾರಾಗಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಚಂಡಮಾರುತಗಳ ಪಥದ ಅಟ್ಲಾಸ್ ಶುರುವಾಗುವುದು 1891ರಿಂದ. ಆರಂಭದ ಎಪ್ಪತ್ತು ವರ್ಷಗಳ ಮಾಹಿತಿ ಮುಖ್ಯವಾಗಿ ಕರಾವಳಿಯ ವೀಕ್ಷಣಾಲಯಗಳಿಂದ ಮತ್ತು ಹಡಗುಗಳ ಲಾಗ್ ಪುಸ್ತಕ ಎಂಬ ದಿನಚರಿಗಳಿಂದ ಬಂದದ್ದು. ಹಡಗು ಹೋಗುವ ದಾರಿಯಲ್ಲಿ ಸುಳಿ ಇದ್ದರೆ ದಾಖಲೆ, ಇಲ್ಲದಿದ್ದರೆ ಇಲ್ಲ. ಎರಡು ಮಹಾಯುದ್ಧಗಳ ಕಾಲದಲ್ಲಿ ಆ ಮಾಹಿತಿಯೂ ತೆಳುವಾಯಿತು. 1960ರಲ್ಲಿ ಮೊದಲ ಹವಾಮಾನ ಉಪಗ್ರಹ ಹಾರಿತು, 1970ರ ದಶಕದಲ್ಲಿ ಮೋಡದ ಆಕಾರ ನೋಡಿ ಬಿರುಸನ್ನು ಅಂದಾಜಿಸುವ ಡ್ವೊರಾಕ್ ವಿಧಾನ ಬಂತು, 1983ರಲ್ಲಿ ನಮ್ಮದೇ ಇನ್‌ಸ್ಯಾಟ್-1ಬಿ ಹಾರಿತು. 1998ರಲ್ಲಿ ಯುರೋಪಿನ ಮೀಟಿಯೊಸ್ಯಾಟ್-5 ಹಿಂದೂ ಮಹಾಸಾಗರದ ಮೇಲಕ್ಕೆ ಸರಿದ ನಂತರ ಪಶ್ಚಿಮ ಅರಬ್ಬಿ ಸಮುದ್ರ ಇನ್ನಷ್ಟು ಸ್ಪಷ್ಟವಾಗಿ ಕಾಣತೊಡಗಿತು.

ಆದ್ದರಿಂದ ಸಂಖ್ಯೆಯ ಮೇಲೆ 130 ವರ್ಷಗಳ ಗೆರೆ ಎಳೆದು ‘ನೋಡಿ, ಏರಿದೆ’ ಎನ್ನುವುದು ತಪ್ಪು. ‘1902ರಲ್ಲೂ ಇತ್ತು’ ಎಂದು ಕೈ ತೊಳೆದುಕೊಳ್ಳುವುದೂ ತಪ್ಪು. ಒಂದು ವರ್ಷದ ಎಣಿಕೆ ಪ್ರವೃತ್ತಿಯನ್ನು ಹೇಳುವುದಿಲ್ಲ. 1902ರ ಐದರಲ್ಲಿ ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ದಾಟಿದ ಸಾಮಾನ್ಯ ಚಂಡಮಾರುತಗಳು ಎಷ್ಟು, 167 ಕಿಲೋಮೀಟರ್ ದಾಟಿದ ದೈತ್ಯಗಳು ಎಷ್ಟು ಎಂದು ತೂಗಿ ನೋಡುವ ಸಾಧನವೇ ಆಗ ಇರಲಿಲ್ಲ. ಉಪಗ್ರಹಗಳು ಚೆನ್ನಾಗಿ ಕಾಣುವ ಕಾಲದಲ್ಲಿ ಮಾತ್ರ ನೋಡಿದರೆ ಅರಬ್ಬಿ ಸಮುದ್ರದಲ್ಲಿ ಬಲಿಷ್ಠವಾದವುಗಳ ಸಾಲು ಕಣ್ಣಿಗೆ ರಾಚುತ್ತದೆ: 2007ರ ಗೋನು, 2010ರ ಫೆಟ್, 2014ರ ನಿಲೋಫರ್, 2015ರಲ್ಲಿ ಒಂದರ ಬೆನ್ನಿಗೆ ಒಂದರಂತೆ ಯೆಮೆನ್ ಕಡೆಗೆ ಹೋದ ಚಪಲಾ ಮತ್ತು ಮೇಘ್, 2018ರ ಮೆಕುನು, 2019ರ ಕ್ಯಾರ್, 2021ರ ತೌಕ್ತೆ, 2023ರ ಬಿಪರ್ಜಾಯ್ ಮತ್ತು ತೇಜ್. ಗೋನು ಮತ್ತು ಕ್ಯಾರ್ ಎರಡೂ ಸೂಪರ್ ಸೈಕ್ಲೋನ್ ದರ್ಜೆಗೆ ಏರಿದ್ದವು, ಅಂದರೆ ಗಂಟೆಗೆ 222 ಕಿಲೋಮೀಟರ್ ಅಥವಾ ಅದಕ್ಕೂ ಮೇಲೆ. ಇದು ಹೆಸರಿಟ್ಟದ್ದರಿಂದ ಹುಟ್ಟಿದ ಭ್ರಮೆಯಲ್ಲ.

ಆದರೂ ನಾಲ್ಕು ದಶಕ ಎಂಬುದು ಹವಾಮಾನದ ಲೆಕ್ಕದಲ್ಲಿ ದೊಡ್ಡ ಅವಧಿಯಲ್ಲ. ಯುರೋಪಿನ ಉತ್ತರ ಸಮುದ್ರದ (ನಾರ್ತ್ ಸೀ) ಅನುಭವ ಇಲ್ಲಿ ಪಾಠವಾಗುತ್ತದೆ. 1990ರ ದಶಕದ ಆರಂಭದಲ್ಲಿ ಯುರೋಪಿನ ವಾಯವ್ಯ ಕರಾವಳಿಯಲ್ಲಿ ಬಿರುಗಾಳಿಗಳು ಏರಿದಾಗ, 1960ರ ದಶಕದ ಶಾಂತ ವರ್ಷಗಳಿಗೆ ಹೋಲಿಸಿದವರೆಲ್ಲ ಬೆಚ್ಚಿಬಿದ್ದರು. ಆಗ ಕೆಲವು ವಿಜ್ಞಾನಿಗಳು ಜಾಣ ದಾರಿ ಹುಡುಕಿದರು. ಗಾಳಿಮಾಪಕದ ಹಳೆಯ ದಾಖಲೆ ನಂಬಲರ್ಹವಲ್ಲ. ಪಕ್ಕದಲ್ಲಿ ಮರ ಬೆಳೆದರೂ, ಕಟ್ಟಡ ಎದ್ದರೂ ಅಂಕಿ ಬದಲಾಗುತ್ತದೆ. ವಾಯುಭಾರಮಾಪಕದ ದಾಖಲೆ ಹಾಗಲ್ಲ. ಮೂರು ಊರುಗಳ ವಾಯುಭಾರವನ್ನು ತ್ರಿಕೋನವಾಗಿ ಜೋಡಿಸಿ, ಆ ಇಳಿಜಾರಿನಿಂದ ಗಾಳಿಯ ವೇಗವನ್ನು ಲೆಕ್ಕ ಹಾಕಿದರು. ದಾಖಲೆ 1880ರ ಸುಮಾರಿನವರೆಗೆ ಹಿಂದಕ್ಕೆ ಹೋಯಿತು. ನೋಡಿದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೂ ಬಿರುಗಾಳಿಗಳು 1990ರ ದಶಕದಷ್ಟೇ ಜೋರಾಗಿದ್ದವು! ನೂರು ವರ್ಷಗಳ ಏಕಮುಖ ಏರಿಕೆ ಅಲ್ಲಿ ಕಾಣಲಿಲ್ಲ. ದಶಕಗಟ್ಟಲೆ ಏರಿಳಿತ ಕಂಡಿತು. ಅದರ ಹಿಂದಿದ್ದದ್ದು ಐಸ್‌ಲ್ಯಾಂಡಿನ ಕಡಿಮೆ ಒತ್ತಡ ಮತ್ತು ಅಜೋರ್ಸ್‌ನ ಅಧಿಕ ಒತ್ತಡದ ನಡುವಣ ಹಗ್ಗಜಗ್ಗಾಟ, ಅಂದರೆ ಉತ್ತರ ಅಟ್ಲಾಂಟಿಕ್ ಆಂದೋಲನ. ಅಂತರ ಹೆಚ್ಚಾದ ಚಳಿಗಾಲಗಳಲ್ಲಿ ಪಶ್ಚಿಮ ಗಾಳಿ ಬಲಗೊಂಡು ಬಿರುಗಾಳಿಗಳು ಉತ್ತರ ಯುರೋಪಿನ ಕಡೆಗೆ ಹೋಗುತ್ತವೆ.


ಸಹ್ಯಾದ್ರಿಯ ಅಂಚು:

ನಾನು ಹೇಳುತ್ತಿದ್ದುದೂ ಇದನ್ನೇ. ಹಾಗಾದರೆ ಆ ತ್ರಿಕೋನದ ವಿಧಾನವನ್ನು ನಮ್ಮ ಕಡಲಿಗೂ ಅನ್ವಯಿಸಬಹುದಲ್ಲ? ಮುಂಬೈಯ ಕೊಲಾಬಾ ವೀಕ್ಷಣಾಲಯ 1826ರಷ್ಟು ಹಳೆಯದು.


ಮೋಡಗಣ್ಣು:

ದುರದೃಷ್ಟವಶಾತ್ ಹಾಗೆಯೇ ಎತ್ತಿ ತಂದು ಬಳಸಲಾಗದು. ವಾಯುಭಾರದ ಇಳಿಜಾರಿಗೂ ಗಾಳಿಗೂ ನೇರ ಸಂಬಂಧ ಕೂಡುವುದು ಭೂಮಿಯ ತಿರುಗುವಿಕೆಯ ಪ್ರಭಾವ ಬಲವಾಗಿರುವ ಮಧ್ಯ ಅಕ್ಷಾಂಶಗಳಲ್ಲಿ. ಸಮಭಾಜಕದ ಹತ್ತಿರ ಬಂದಂತೆ ಆ ಸಂಬಂಧ ಸಡಿಲವಾಗುತ್ತದೆ. ಇನ್ನೊಂದು ತೊಡಕು ಗಾತ್ರದ್ದು. ಉತ್ತರ ಸಮುದ್ರದ ಬಿರುಗಾಳಿ ಸಾವಿರ ಕಿಲೋಮೀಟರ್‌ಗೂ ಮೀರಿ ಹರಡಿರುತ್ತದೆ, ದೂರದ ಮೂರು ಊರುಗಳ ನಡುವೆ ಅದು ಸಿಕ್ಕಿಬೀಳುತ್ತದೆ. ನಮ್ಮ ಚಂಡಮಾರುತದ ಅತಿ ಬಿರುಸಿನ ಭಾಗ ಕಣ್ಣಿನ ಸುತ್ತ ಕೆಲವೇ ಹತ್ತು ಕಿಲೋಮೀಟರ್. ಅದು ಮುಂಬೈಗೂ ಮಸ್ಕತ್‌ಗೂ ನಡುವೆ ಹಾದುಹೋದರೂ ಎರಡೂ ಕಡೆಯ ವಾಯುಭಾರಮಾಪಕಗಳಿಗೆ ಅದರ ಬಿರುಸು ತಿಳಿಯದೆ ಇರಬಹುದು.

ಪಡುಗಡಲು ಅವರ ಮೂಲ ಪ್ರಶ್ನೆಗೆ ಬರುತ್ತೇನೆ. ಶಿಯರ್ ಬದಲಾಗಿದೆಯೇ ಎಂಬುದರ ಬಗ್ಗೆ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲೇ ಒಂದು ಗಂಭೀರ ಚರ್ಚೆ ನಡೆದಿದೆ, ನನಗೆ ಅದು ಬಹಳ ಇಷ್ಟ. 2011ರಲ್ಲಿ ಎವಾನ್ ಮತ್ತು ಸಂಗಡಿಗರು ಮುಂಗಾರು ಪೂರ್ವದ ಅರಬ್ಬಿ ಚಂಡಮಾರುತಗಳು 1997ರಿಂದ ಈಚೆಗೆ ಬಲಗೊಂಡಿರುವುದನ್ನು ತೋರಿಸಿ, ಕಾರಣವಾಗಿ ಮಸಿ ಮತ್ತು ಇತರ ಗಾಳಿಕಣಗಳತ್ತ ಬೆರಳು ಮಾಡಿದರು. ವಾದದ ಸರಪಳಿ ಹೀಗಿದೆ: ದಕ್ಷಿಣ ಏಷ್ಯಾದ ಮೇಲಿನ ಕಂದು ಮಬ್ಬು ಹಿಂದೂ ಮಹಾಸಾಗರದ ಉತ್ತರ ಭಾಗಕ್ಕೆ ಬೀಳುವ ಬಿಸಿಲನ್ನು ತಡೆಯುತ್ತದೆ, ಉತ್ತರ–ದಕ್ಷಿಣ ತಾಪದ ಅಂತರ ಕುಗ್ಗುತ್ತದೆ, ಮುಂಗಾರಿನ ಪರಿಚಲನೆ ದುರ್ಬಲವಾಗುತ್ತದೆ, ಮೇಲೆ–ಕೆಳಗಿನ ಎರಡೂ ಗಾಳಿಗಳು ಸೊರಗಿ ಶಿಯರ್ ಇಳಿಯುತ್ತದೆ. ಉಷ್ಣವಲಯದ ಪೂರ್ವ ಜೆಟ್ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಸೊರಗಿದ್ದನ್ನು ಭಾರತದ ವಿಜ್ಞಾನಿಗಳೂ ಅದಕ್ಕೆ ಮೊದಲೇ ಗುರುತಿಸಿದ್ದರು.

ಮರುವರ್ಷವೇ ಅದೇ ಪತ್ರಿಕೆಯಲ್ಲಿ ವಾಂಗ್ ಮತ್ತು ಸಂಗಡಿಗರು ಬೇರೆ ಓದು ಮುಂದಿಟ್ಟರು. ಅವರ ಪ್ರಕಾರ ಚಂಡಮಾರುತಗಳು ಮುಂಗಾರಿನ ಆಗಮನಕ್ಕೆ ಹೋಲಿಸಿದರೆ ಮೊದಲಿಗಿಂತ ಬೇಗ ಹುಟ್ಟುತ್ತಿವೆ. ಬೇಗ ಹುಟ್ಟಿದ್ದಕ್ಕೆ ಕಡಿಮೆ ಶಿಯರ್ ಸಿಗುತ್ತದೆ, ಏಕೆಂದರೆ ಮುಂಗಾರಿನ ಗಾಳಿ ಇನ್ನೂ ಸಜ್ಜಾಗಿರುವುದಿಲ್ಲ. ಅಂದರೆ ಚಂಡಮಾರುತದ ಕಣ್ಣಿನಿಂದ ನೋಡಿದಾಗ ಶಿಯರ್ ಕಡಿಮೆಯಾದಂತೆ ಕಾಣಲು ಋತುವಿನ ಪರಿಚಲನೆಯೇ ಸೊರಗಿರಬೇಕಾಗಿಲ್ಲ, ಹುಟ್ಟುವ ದಿನ ಸರಿದರೂ ಸಾಕು.

ನನಗನ್ನಿಸುವುದು, ಎರಡೂ ವಾದಗಳಲ್ಲಿ ಹುರುಳಿದೆ ಮತ್ತು ಎರಡೂ ಒಂದೇ ಕಡೆಗೆ ತೋರಿಸುತ್ತವೆ: ಮೇ ಕೊನೆಯಿಂದ ಜೂನ್ ಮಧ್ಯದವರೆಗಿನ ಕೆಲವೇ ವಾರಗಳ ಗಾಳಿಯ ಹದ. ನೀರು ಆಗ ವರ್ಷದಲ್ಲೇ ಅತ್ಯಂತ ಬಿಸಿ. ಶಿಯರ್‌ನ ಬಾಗಿಲು ಮುಚ್ಚುವುದು ಒಂದು ವಾರ ತಡವಾದರೂ ಅದು ಸಣ್ಣ ಸಂಗತಿಯಲ್ಲ. 2023ರ ಬಿಪರ್ಜಾಯ್ ಜೂನ್ 6ರಂದು ಹುಟ್ಟಿತು, ಕೇರಳಕ್ಕೆ ಮುಂಗಾರು ಬಂದದ್ದು 8ರಂದು. ಅದು ಉತ್ತರಕ್ಕೆ ನಿಧಾನವಾಗಿ ತೆವಳುತ್ತಾ, ದಿಕ್ಕು ಬದಲಿಸುತ್ತಾ, 15ರ ಸಂಜೆ ಗುಜರಾತಿನ ಜಖೌ ಬಂದರಿನ ಬಳಿ ದಡ ಸೇರಿತು. ಎರಡು ಅಧಿಕ ಒತ್ತಡದ ವಲಯಗಳ ಎಳೆದಾಟದಲ್ಲಿ ಅದಕ್ಕೆ ದಾರಿ ತೋರಿಸುವ ಗಾಳಿಯೇ ದುರ್ಬಲವಾಗಿತ್ತು. ಹದಿಮೂರು ದಿನಕ್ಕೂ ಹೆಚ್ಚು ಬದುಕಿದ ಆ ಸುಳಿ ಅರಬ್ಬಿ ಸಮುದ್ರದ ದೀರ್ಘಾಯುಷಿಗಳಲ್ಲಿ ಒಂದು.

ಮುಂಗಾರಿನ ನಂತರದ ಋತುವಿನ ಕಥೆ ಬೇರೆ. 2017ರಲ್ಲಿ ಮುರಾಕಾಮಿ ಮತ್ತು ಸಂಗಡಿಗರು ಕಂಪ್ಯೂಟರ್ ಮಾದರಿ ಬಳಸಿ ಮಾಡಿದ ಅಧ್ಯಯನ, ಅಕ್ಟೋಬರ್ ನಂತರದ ಅತ್ಯಂತ ತೀವ್ರ ಚಂಡಮಾರುತಗಳ ಸಾಧ್ಯತೆಯನ್ನು ಮನುಷ್ಯ ಕಾರಣದ ತಾಪಮಾನ ಏರಿಕೆ ಹೆಚ್ಚಿಸಿದೆ ಎಂದು ತೀರ್ಮಾನಿಸಿತು. ಅಲ್ಲಿ ನೀರಿನ ಶಾಖದ ಪಾಲು ದೊಡ್ಡದು. ಹಾಗಾಗಿ ಒಂದೇ ಕಡಲಿನ ಎರಡು ಋತುಗಳಿಗೆ ಒಂದೇ ಕಾರಣ ಹುಡುಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.


ಹಳೆಯ ನಾವಿಕ:

ವ್ಯಾಪಾರಿ ಹಡಗುಗಳಲ್ಲಿ ಬಹುಕಾಲ ದುಡಿದವನು ನಾನು. ಲಾಗ್ ಪುಸ್ತಕದ ಮಾತು ಬಂದದ್ದರಿಂದ ಅದರೊಳಗೆ ಏನಿರುತ್ತಿತ್ತು ಎಂದು ಹೇಳಿದರೆ ಹಳೆಯ ದಾಖಲೆಯ ಬೆಲೆ ಮತ್ತು ಕೊರತೆ ಎರಡೂ ತಿಳಿಯಬಹುದು.

ಉಷ್ಣವಲಯದ ಕಡಲಿನಲ್ಲಿ ವಾಯುಭಾರ ಗಡಿಯಾರದಂತೆ ನಡೆಯುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ಏರು, ಸಂಜೆ ನಾಲ್ಕಕ್ಕೆ ಇಳಿ, ರಾತ್ರಿ ಹತ್ತಕ್ಕೆ ಮತ್ತೆ ಏರು, ನಸುಕಿನ ನಾಲ್ಕಕ್ಕೆ ಮತ್ತೆ ಇಳಿ. ವಾಯುಭಾರವನ್ನು ತಾನೇ ಬರೆದಿಡುವ ಬ್ಯಾರೋಗ್ರಾಫ್‌ನ ಕಾಗದದ ಮೇಲೆ ಶಾಯಿಯ ಗೆರೆ ದಿನಕ್ಕೆರಡು ಬಾರಿ ಮೆಲ್ಲನೆ ಏರಿಳಿಯುತ್ತದೆ, ಎಷ್ಟು ನಿಯಮಿತವೆಂದರೆ ಗೆರೆ ನೋಡಿ ಹೊತ್ತು ಹೇಳಬಹುದು. ಆ ಏರಿಳಿತ ಕೆಟ್ಟು ಗೆರೆ ಕೆಳಮುಖವಾದ ಗಳಿಗೆಯಲ್ಲಿ ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಇದ್ದವರ ಮಾತು ನಿಲ್ಲುತ್ತಿತ್ತು. ಆ ಋತುವಿನ ಸರಾಸರಿಗಿಂತ 3 ಹೆಕ್ಟೋಪ್ಯಾಸ್ಕಲ್ (ವಾಯುಭಾರದ ಅಳತೆ) ಇಳಿದರೆ ಅನುಮಾನಿಸು, 5 ಇಳಿದರೆ ಚಂಡಮಾರುತ ಹತ್ತಿರದಲ್ಲೇ ಇದೆ ಎಂದು ತಿಳಿ ಎಂಬುದು ನಮಗೆ ಕಲಿಸಿದ್ದ ಸೂತ್ರ. ಅದರ ಜೊತೆಗೆ ಬೈಸ್ ಬ್ಯಾಲಟ್ ನಿಯಮ: ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ನಿನ್ನ ಎಡಕ್ಕೆ. ಗಾಳಿಯ ದಿಕ್ಕನ್ನೂ ಇಳಿಕೆಯ ವೇಗವನ್ನೂ ಕೂಡಿಸಿ ಸುಳಿ ಎಲ್ಲಿದೆ, ಎತ್ತ ಸಾಗುತ್ತಿದೆ ಎಂದು ಊಹಿಸಿ ಹಡಗನ್ನು ದೂರ ತಿರುಗಿಸುತ್ತಿದ್ದೆವು.

ಗಮನಿಸಿ, ದೂರ ತಿರುಗಿಸುತ್ತಿದ್ದೆವು. ಜಾಣ ಕ್ಯಾಪ್ಟನ್ ಚಂಡಮಾರುತದ ನಡುವಿಗೆ ಹೋಗುವುದಿಲ್ಲ. ಹಾಗಾಗಿ ಹಡಗಿನ ಲಾಗ್‌ಗಳಲ್ಲಿ ಅಂಚಿನ ಗಾಳಿ ಸಿಗುತ್ತದೆ, ನಡುವಿನ ಬಿರುಸು ಸಿಗುವುದು ವಿರಳ. ಹಳೆಯ ದಾಖಲೆಯಲ್ಲಿ ಸುಳಿ ಇತ್ತೇ ಇಲ್ಲವೇ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಎಷ್ಟು ಬಲಿಷ್ಠ ಎಂಬುದಕ್ಕಿಲ್ಲ. ಅಂಕಿನೋಟ ಹೇಳಿದ ಮಾತಿಗೆ ನನ್ನ ಅನುಭವದ ಸಮರ್ಥನೆ ಇದು.


ಮಲ್ಪೆಯ ಓದುಗ:

ಎಲ್ಲವನ್ನೂ ಓದಿದೆ. ನನ್ನ ಮನೆಯವರು ಕಡಲಿಗೆ ಹೋಗುವವರು, ಹಾಗಾಗಿ ಈ ಚರ್ಚೆಯನ್ನು ಬೇರೆ ಕಡೆಯಿಂದ ನೋಡುತ್ತೇನೆ.

ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಮೀನಿನ ಸಂತಾನಕ್ಕೂ ಮಳೆಗಾಲದ ಕಡಲಿನ ಅಬ್ಬರಕ್ಕೂ ಅದು ಸರಿಹೊಂದುತ್ತದೆ. ಆದರೆ ಪಡುಗಡಲು ವಿವರಿಸಿದಂತೆ ಚಂಡಮಾರುತದ ಮಟ್ಟಿಗೆ ಜುಲೈ ಕಾವಲಿರುವ ತಿಂಗಳು. ಕಾವಲಿಲ್ಲದ ಮೇ, ಅಕ್ಟೋಬರ್, ನವೆಂಬರ್‌ನಲ್ಲಿ ಬೋಟುಗಳೆಲ್ಲ ನಡುಗಡಲಿನಲ್ಲಿರುತ್ತವೆ. ಆಳಸಮುದ್ರದ ಟ್ರಾಲ್ ಬೋಟು ಒಮ್ಮೆ ದಕ್ಕೆ ಬಿಟ್ಟರೆ ವಾರದ ಮೇಲೆ ಮರಳುವುದು. ಮೊಬೈಲ್ ಸಂಕೇತ ದಡದಿಂದ ಸ್ವಲ್ಪ ದೂರ ಹೋದರೆ ಮುಗಿಯಿತು. 2017ರ ಓಖಿಯಲ್ಲಿ ಕೇರಳ ಮತ್ತು ಕನ್ಯಾಕುಮಾರಿಯ ಕಡೆಯವರಿಗೆ ಆದದ್ದು ಇದೇ. ಸುಳಿ ಚಂಡಮಾರುತವಾಗುವ ಹೊತ್ತಿಗೆ ಜನ ಆಗಲೇ ಕಡಲಿನಲ್ಲಿದ್ದರು, ಎಷ್ಟೋ ಮಂದಿ ತಿರುಗಿ ಬರಲೇ ಇಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2019ರ ಕ್ಯಾರ್ ಸಮಯದಲ್ಲಿ ಕಾರವಾರ ಬಂದರಿನಲ್ಲಿ ಹೊರರಾಜ್ಯದ ಬೋಟುಗಳೂ ಬಂದು ಆಶ್ರಯ ಪಡೆದದ್ದು ನೆನಪಿದೆ. 2021ರ ತೌಕ್ತೆಯಲ್ಲಿ ಕಾಪು ಬಳಿ ಬಂಡೆಗಳ ನಡುವೆ ಸಿಲುಕಿದ ಟಗ್‌ನಿಂದ (ಹಡಗುಗಳನ್ನು ಎಳೆಯುವ ದೋಣಿ) ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಜೀವಂತ ಹೊರತಂದರು. ಈ ಎರಡೂ ಚಂಡಮಾರುತಗಳು ನಮ್ಮ ದಡಕ್ಕೆ ಬಡಿದವಲ್ಲ, ದೂರದಲ್ಲಿ ಹಾದುಹೋದವು ಮಾತ್ರ.

ನನ್ನ ಪ್ರಶ್ನೆ ಎರಡು. ಒಂದು, 2019ರಲ್ಲಿ ಕ್ಯಾರ್ ಮತ್ತು ಮಹಾ ಏಕಕಾಲದಲ್ಲಿ ಕಡಲಿನಲ್ಲಿದ್ದವು. ಆ ವರ್ಷ ಗಾಳಿಯಲ್ಲಿ ಏನಾಗಿತ್ತು? ಎರಡು, ಯಾವ ಚಂಡಮಾರುತವೂ ಇಲ್ಲದ ಏಪ್ರಿಲ್ ದಿನಗಳಲ್ಲಿ, ಗಾಳಿಯೇ ಇಲ್ಲದಿದ್ದರೂ, ಕಡಲು ಇದ್ದಕ್ಕಿದ್ದಂತೆ ಉಕ್ಕಿ ದಡದ ಮೇಲಿಟ್ಟ ದೋಣಿಗಳನ್ನು ಎಳೆದೊಯ್ಯುತ್ತದೆಯಲ್ಲ, ಅದಕ್ಕೂ ಈ ಪರಿಚಲನೆಗೂ ಸಂಬಂಧವಿದೆಯೇ?


ಮೋಡಗಣ್ಣು:

ಎರಡಕ್ಕೂ ಸಂಬಂಧವಿದೆ.

2019ರಲ್ಲಿ ಹಿಂದೂ ಮಹಾಸಾಗರದ ದ್ವಿಧ್ರುವ, ಅಂದರೆ ಇಂಡಿಯನ್ ಓಷನ್ ಡೈಪೋಲ್, ದಾಖಲೆಯಲ್ಲೇ ಅತ್ಯಂತ ಬಲವಾದ ಧನಾತ್ಮಕ ಸ್ಥಿತಿಗಳಲ್ಲಿ ಒಂದನ್ನು ತಲುಪಿತ್ತು. 1999ರಲ್ಲಿ ಸಾಜಿ, ಯಮಗಾಟ ಮುಂತಾದವರು ಈ ವಿದ್ಯಮಾನವನ್ನು ಗುರುತಿಸಿದರು. ಧನಾತ್ಮಕ ಸ್ಥಿತಿಯಲ್ಲಿ ಆಫ್ರಿಕಾದ ಕಡೆಯ ನೀರು ಬಿಸಿ, ಸುಮಾತ್ರಾದ ಕಡೆಯ ನೀರು ತಂಪು. ಸಮಭಾಜಕದ ಉದ್ದಕ್ಕೂ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ತಿರುಗುತ್ತದೆ, ತೇವಾಂಶ ತುಂಬಿದ ಗಾಳಿ ಮೇಲೇಳುವ ಜಾಗವೂ ಪಶ್ಚಿಮಕ್ಕೆ ಸರಿಯುತ್ತದೆ. ಅದೇ ವರ್ಷ ಪೂರ್ವ ಆಫ್ರಿಕಾದಲ್ಲಿ ಪ್ರವಾಹ, ಆಸ್ಟ್ರೇಲಿಯಾದಲ್ಲಿ ಬರ ಮತ್ತು ಕಾಳ್ಗಿಚ್ಚು. ಅರಬ್ಬಿ ಸಮುದ್ರದ ಮೇಲೆ ಸುಳಿ ಕಟ್ಟಲು ಬೇಕಾದ ಎಲ್ಲವೂ ಕೂಡಿಬಂದಿತ್ತು. ಇದರ ಜೊತೆಗೆ ಮ್ಯಾಡನ್–ಜೂಲಿಯನ್ ಆಂದೋಲನವನ್ನೂ ಸೇರಿಸಿ: ಉಷ್ಣವಲಯದಲ್ಲಿ 30ರಿಂದ 60 ದಿನಗಳಿಗೊಮ್ಮೆ ಪೂರ್ವಕ್ಕೆ ಸಾಗುವ ಮೋಡ–ಗಾಳಿಯ ದೊಡ್ಡ ಅಲೆ ಅದು. ಅದರ ಮಳೆಯ ಭಾಗ ನಮ್ಮ ಸಾಗರದ ಮೇಲಿರುವಾಗ ಚಂಡಮಾರುತ ಹುಟ್ಟುವ ಸಂಭವ ಹೆಚ್ಚು, ಒಣ ಭಾಗ ಬಂದಾಗ ಕಡಿಮೆ.

ಪಡುಗಡಲು ಕೇಳಿದ ‘ಎರಡು ಕಡಲು, ಎರಡು ದಿಕ್ಕು’ ಎಂಬ ಒಗಟಿಗೂ ಇಲ್ಲಿ ಒಂದು ಸುಳಿವಿದೆ. ಬಂಗಾಳ ಕೊಲ್ಲಿಯಲ್ಲಿ ನೀರಿನ ಶಾಖಕ್ಕೆ ಮೊದಲಿನಿಂದಲೂ ಕೊರತೆಯಿಲ್ಲ. ಗಂಗಾ, ಬ್ರಹ್ಮಪುತ್ರದ ಸಿಹಿನೀರು ಮೇಲೆ ತೇಲಿ, ಆಳದ ತಣ್ಣೀರು ಕಲಸಿಕೊಳ್ಳದಂತೆ ತಡೆಯುತ್ತದೆ. ಅಲ್ಲಿ ವರ್ಷದಿಂದ ವರ್ಷಕ್ಕೆ ಆಗುವ ವ್ಯತ್ಯಾಸವನ್ನು ಹೆಚ್ಚಾಗಿ ಗಾಳಿ ನಿರ್ಧರಿಸುತ್ತದೆ. ಲಾ ನಿನಾ ವರ್ಷಗಳಲ್ಲಿ, ಅಂದರೆ ಪೆಸಿಫಿಕ್ ಸಾಗರದ ಸಮಭಾಜಕದ ನೀರು ಎಂದಿಗಿಂತ ತಂಪಾಗಿರುವಾಗ, ಮುಂಗಾರಿನ ನಂತರದ ಕೊಲ್ಲಿ ಹೆಚ್ಚು ಚುರುಕು. ಅರಬ್ಬಿ ಸಮುದ್ರ ಹಾಗಲ್ಲ. ತಂಪು ನೀರು, ಅರೇಬಿಯಾದ ಮರುಭೂಮಿಯ ಒಣ ಗಾಳಿ, ಜೋರಾದ ಶಿಯರ್ ಎಂಬ ಮೂರು ತಡೆಗಳು ಅಲ್ಲಿದ್ದವು. ಈಗ ಮೊದಲನೆಯದು ಸಡಿಲವಾಗಿದೆ, ಮೂರನೆಯದು ಋತುವಿನ ಅಂಚುಗಳಲ್ಲಿ ಅಲುಗಾಡುತ್ತಿದೆ. ತಡೆ ಇದ್ದ ಕಡೆ ತಡೆ ಸಡಿಲವಾದರೆ ಬದಲಾವಣೆ ದೊಡ್ಡದಾಗಿ ಕಾಣುತ್ತದೆ.

ಎರಡನೆಯ ಪ್ರಶ್ನೆ. ಕೇರಳದವರು ಕಲ್ಲಕ್ಕಡಲ್ ಎನ್ನುವುದು ಇದನ್ನೇ. ಆ ಅಲೆಗಳು ಹುಟ್ಟುವುದು ನಮ್ಮ ಕಡಲಿನಲ್ಲಲ್ಲ. ಸಮಭಾಜಕದಿಂದ ಬಹುದೂರ ದಕ್ಷಿಣಕ್ಕೆ, ದಕ್ಷಿಣ ಮಹಾಸಾಗರದ ಬಿರುಗಾಳಿಗಳಲ್ಲಿ. ಲೆಕ್ಕ ಹಾಕಿ ನೋಡೋಣ. ಒಂದು ತೆರೆಗೂ ಮುಂದಿನ ತೆರೆಗೂ ನಡುವೆ 18 ಸೆಕೆಂಡು ಅಂತರವಿರುವ ಉದ್ದಲೆಯ ಶಕ್ತಿ ಆಳ ನೀರಿನಲ್ಲಿ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ, ದಿನಕ್ಕೆ ಸುಮಾರು 1,200 ಕಿಲೋಮೀಟರ್. ಆರು ಸಾವಿರ ಕಿಲೋಮೀಟರ್ ದೂರದ ಬಿರುಗಾಳಿಯ ಅಲೆ ಐದು ದಿನಕ್ಕೆ ನಮ್ಮ ದಡ ಮುಟ್ಟುತ್ತದೆ. ಅಷ್ಟರಲ್ಲಿ ಆ ಬಿರುಗಾಳಿ ಸತ್ತಿರುತ್ತದೆ. ಆಕಾಶ ತಿಳಿಯಾಗಿರುತ್ತದೆ, ಗಾಳಿ ಇರುವುದಿಲ್ಲ, ಆದರೂ ಕಡಲು ಉಕ್ಕುತ್ತದೆ.

ಆ ದಕ್ಷಿಣದ ಪಶ್ಚಿಮ ಗಾಳಿಗಳು ಕಳೆದ ಕೆಲವು ದಶಕಗಳಲ್ಲಿ ಬಲಗೊಂಡು ಧ್ರುವದ ಕಡೆಗೆ ಸರಿದಿವೆ. ಓಜೋನ್ ರಂಧ್ರ ಒಂದು ಕಾರಣ, ಹಸಿರುಮನೆ ಅನಿಲಗಳು ಇನ್ನೊಂದು. ಆದರೆ ಈ ಬದಲಾವಣೆ ಅತ್ಯಂತ ಸ್ಪಷ್ಟವಾಗಿರುವುದು ದಕ್ಷಿಣಾರ್ಧದ ಬೇಸಿಗೆಯಾದ ಡಿಸೆಂಬರ್–ಫೆಬ್ರವರಿಯಲ್ಲಿ, ನಮ್ಮಲ್ಲಿ ಕಡಲು ಹೀಗೆ ಉಕ್ಕುವುದು ಹೆಚ್ಚಾಗಿ ಏಪ್ರಿಲ್–ಮೇ ತಿಂಗಳಲ್ಲಿ. ಹಾಗಾಗಿ ಎರಡನ್ನೂ ನೇರವಾಗಿ ಗಂಟು ಹಾಕಲು ನಾನು ಸಿದ್ಧನಿಲ್ಲ.


ಸಹ್ಯಾದ್ರಿಯ ಅಂಚು:

ಈ ಎಚ್ಚರಿಕೆಯ ಮಾತು ನನಗೆ ಹಿಡಿಸಿತು. ಒಂದು ಕಡೆ ಮಾತ್ರ ಇನ್ನೂ ತಕರಾರು ಉಳಿದಿದೆ. ಡೈಪೋಲ್ ಏರಿಳಿಯುತ್ತದೆ, ಉತ್ತರ ಅಟ್ಲಾಂಟಿಕ್ ಆಂದೋಲನವೂ ಏರಿಳಿಯುತ್ತದೆ. ನಾವು ಕಂಡ ನಲವತ್ತು ವರ್ಷಗಳ ಏರಿಕೆ ಅಂತಹದೇ ಒಂದು ದೀರ್ಘ ಏರಿಳಿತದ ಏರುಭಾಗ ಅಲ್ಲ ಎನ್ನಲು ಆಧಾರವೇನು?


ಅಂಕಿನೋಟ:

ಆಧಾರದ ಒಂದು ಕಾಲು ಭೌತವಿಜ್ಞಾನದಲ್ಲಿದೆ, ಇನ್ನೊಂದು ಅಂಕಿಯಲ್ಲಿ. ಅಂಕಿಯ ಕಾಲು ಕುಂಟು, ಒಪ್ಪುತ್ತೇನೆ. ಭೌತವಿಜ್ಞಾನದ್ದು ಗಟ್ಟಿ: ಕಡಲಿನ ಶಾಖ ಏರಿಳಿತದಿಂದ ಬಂದದ್ದಲ್ಲ, ಅದು ಏರುತ್ತಲೇ ಇದೆ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ ಆರನೆಯ ವರದಿ ಜಗತ್ತಿನ ಮಟ್ಟದಲ್ಲಿ ಹೇಳುವುದೂ ಇದನ್ನೇ. ಕಳೆದ ನಾಲ್ಕು ದಶಕಗಳಲ್ಲಿ ಅತಿ ಬಲಿಷ್ಠ ಚಂಡಮಾರುತಗಳ ಪ್ರಮಾಣ ಏರಿರುವ ಸಂಭವ ಹೆಚ್ಚು. ಒಟ್ಟು ಸಂಖ್ಯೆಯ ದೀರ್ಘಕಾಲದ ಪ್ರವೃತ್ತಿಯ ಬಗ್ಗೆ ವಿಶ್ವಾಸ ಕಡಿಮೆ. ಎಷ್ಟು ಹುಟ್ಟುತ್ತವೆ, ಎಲ್ಲಿ ಹುಟ್ಟುತ್ತವೆ, ಎತ್ತ ಹೋಗುತ್ತವೆ ಎಂಬುದನ್ನು ಪರಿಚಲನೆ ಬಹುಮಟ್ಟಿಗೆ ನಿರ್ಧರಿಸುತ್ತದೆ, ಅಲ್ಲಿ ದೊಡ್ಡ ಏರಿಳಿತ ಸಹಜ. ಹುಟ್ಟಿದ್ದು ಎಷ್ಟು ಬಲಿಷ್ಠವಾಗಬಹುದು ಎಂಬ ಮಿತಿಯನ್ನು ನೀರಿನ ಶಾಖ ಮೇಲೆತ್ತುತ್ತಿದೆ. ಮುಂದೆ ಅರಬ್ಬಿ ಸಮುದ್ರ ಹತ್ತು ವರ್ಷ ಶಾಂತವಾಗಿದ್ದರೂ ನನಗೆ ಅಚ್ಚರಿಯಾಗುವುದಿಲ್ಲ. ಆ ಹತ್ತು ವರ್ಷಗಳ ನಡುವೆ ಏಳುವ ಒಂದೇ ಒಂದು ಚಂಡಮಾರುತ ಒಂದೇ ದಿನದಲ್ಲಿ ಗಂಟೆಗೆ 55 ಕಿಲೋಮೀಟರ್‌ನಷ್ಟು ಹೆಚ್ಚು ಬಿರುಸಾದರೂ ಅಚ್ಚರಿಯಾಗುವುದಿಲ್ಲ.


ಪಡುಗಡಲು:

ಕಾವಲಿನ ಬಗ್ಗೆ ಬರೆಯುವಾಗ 2024ರ ಅಸ್ನಾ ನನ್ನ ಮನಸ್ಸಿನಲ್ಲಿತ್ತು. ಆಗಸ್ಟ್ ಕೊನೆಯಲ್ಲಿ ಗುಜರಾತಿನ ನೆಲದ ಮೇಲಿದ್ದ ವಾಯುಭಾರ ಕುಸಿತವೊಂದು ಕಚ್ಛ್ ದಾಟಿ ಕಡಲಿಗಿಳಿದು ಚಂಡಮಾರುತವಾಯಿತು. ಆಗಸ್ಟ್‌ನಲ್ಲಿ ಅರಬ್ಬಿ ಸಮುದ್ರ ಇಂತಹದ್ದನ್ನು ಕಂಡದ್ದು 1976ರ ನಂತರ ಅದೇ ಮೊದಲು. ಒಂದು ಘಟನೆಯಿಂದ ಪ್ರವೃತ್ತಿ ಹೇಳಲಾಗದು ಎಂದು ಇಲ್ಲಿ ಎಲ್ಲರೂ ಒಪ್ಪಿದ್ದೇವೆ, 1944 ಮತ್ತು 1964ರ ಉದಾಹರಣೆಗಳೂ ಇವೆ. ಆದರೂ ಜೂನ್–ಸೆಪ್ಟೆಂಬರ್‌ನಲ್ಲಿ ಉತ್ತರ ಅರಬ್ಬಿ ಸಮುದ್ರದ ಶಿಯರ್ ಮೇಲೆ ಯಾರಾದರೂ ವರ್ಷ ವರ್ಷದ ಅಂಕಿ ಇಟ್ಟರೆ ಈ ಚರ್ಚೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ.


ಮಲ್ಪೆಯ ಓದುಗ:

ಕಡಲಿಗೆ ಹೋಗುವ ಮುನ್ನ ನಮ್ಮಂತಹವರು ಏನನ್ನು ನೋಡಬೇಕು? ಎರಡು ದಿನ ಮುಂಚಿನ ಎಚ್ಚರಿಕೆ ದಡದಲ್ಲಿರುವವರಿಗೆ ಸಾಕು, ಹತ್ತು ದಿನಕ್ಕೆ ಹೊರಟ ಬೋಟಿಗೆ ಸಾಲದು.


ಮೋಡಗಣ್ಣು:

ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ಎರಡು ವಾರಗಳ ಮುನ್ನೋಟ ಪ್ರಕಟಿಸುತ್ತದೆ. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದಲ್ಲಿ ಸುಳಿ ಹುಟ್ಟುವ ಸಂಭವ ಎಷ್ಟು ಎಂದು ವಾರವಾರು ಹೇಳುತ್ತದೆ. ಮ್ಯಾಡನ್–ಜೂಲಿಯನ್ ಅಲೆ ಎಲ್ಲಿದೆ, ನೀರಿನ ಶಾಖ ಎಷ್ಟು, ಶಿಯರ್ ಹೇಗಿದೆ ಎಂಬ ವಿವರವೂ ಅದರೊಳಗೇ ಇರುತ್ತದೆ. ಉದ್ದಲೆಗಳಿಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್ ಬೇರೆಯೇ ಎಚ್ಚರಿಕೆ ಕೊಡುತ್ತದೆ. ಹತ್ತು ದಿನಕ್ಕೆ ಹೊರಡುವ ಬೋಟು ಗುರುವಾರದ ಮುನ್ನೋಟ ನೋಡದೆ ದಕ್ಕೆ ಬಿಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಅದು ಇಂಗ್ಲಿಷಿನಲ್ಲಿರುತ್ತದೆ, ತಾಂತ್ರಿಕ ಭಾಷೆಯಲ್ಲಿರುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅದರ ಸಾರವನ್ನು ಪ್ರತಿ ಶುಕ್ರವಾರ ಇಲ್ಲಿಯೇ ಕನ್ನಡದಲ್ಲಿ ಹಾಕುತ್ತೇನೆ. ನೀವು ಅದನ್ನು ದಕ್ಕೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ತಲುಪಿಸಿ.